ಶ್ರವಣನರದ ಸ್ವಾಸ್ಥ್ಯ ಮತ್ತು ಕನ್ನಡದ ಧ್ವನಿಭೇದಗಳು: ಕಾಕ್ಲಿಯರ್ ಇಂಪ್ಲಾಂಟ್ ಬಳಕೆದಾರರ ಮಾತಿನ ಗ್ರಹಿಕೆ

ಒಂದೇ ಬಗೆಯ ಕಾಕ್ಲಿಯರ್ ಇಂಪ್ಲಾಂಟನ್ನು ಒಂದೇ ವಯಸ್ಸಿನಲ್ಲಿ ಅಳವಡಿಸಿಕೊಂಡ ಇಬ್ಬರ ಮಾತಿನ ಗ್ರಹಿಕೆ ಒಂದೇ ಮಟ್ಟದಲ್ಲಿರುವುದಿಲ್ಲ. ಕಿವುಡುತನದ ಅವಧಿ, ಎಲೆಕ್ಟ್ರೋಡುಗಳ ಸ್ಥಾನ, ಭಾಷಾ ಪರಿಸರ, ತರಬೇತಿ ಇವುಗಳ ಜೊತೆಗೆ ಶ್ರವಣನರದ ಸ್ವಾಸ್ಥ್ಯವೂ ಈ ಅಂತರಕ್ಕೆ ಕಾರಣವಾಗುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಪಾದಿಸುವುದು ಇಷ್ಟು: ನರದ ಸ್ವಾಸ್ಥ್ಯವೆಂಬುದು ಒಂದೇ ಅಳತೆಗೆ ದಕ್ಕುವ ಗುಣವಲ್ಲ, ಅದರ ಬೇರೆಬೇರೆ ಮುಖಗಳು ಕನ್ನಡದ ಬೇರೆಬೇರೆ ಧ್ವನಿಭೇದಗಳನ್ನು ತಟ್ಟುತ್ತವೆ. ಆದುದರಿಂದ ಎಷ್ಟು ಪದಗಳು ಸರಿ ಎಂದಷ್ಟೇ ಹೇಳುವ ಒಟ್ಟು ಅಂಕವು ಕೊರತೆಯ ಸ್ವರೂಪವನ್ನು ಮರೆಮಾಡುತ್ತದೆ.

ಆರೋಗ್ಯವಂತ ಕಿವಿಯಲ್ಲಿ ಸುಮಾರು 30,000 ನರತಂತುಗಳು ಕಾಕ್ಲಿಯಾದ ಉದ್ದಕ್ಕೂ ಹರಡಿಕೊಂಡು, ತಂತಮ್ಮ ಸ್ಥಾನಕ್ಕೆ ತಕ್ಕ ಆವೃತ್ತಿಯನ್ನು ಮಿದುಳಿಗೆ ಒಯ್ಯುತ್ತವೆ. ಇಂಪ್ಲಾಂಟು ಕೆಟ್ಟುಹೋದ ರೋಮಕೋಶಗಳನ್ನು ದಾಟಿ, 12ರಿಂದ 22 ಎಲೆಕ್ಟ್ರೋಡುಗಳ ಮೂಲಕ ನರವನ್ನು ನೇರವಾಗಿ ಪ್ರಚೋದಿಸುತ್ತದೆ. ವಿದ್ಯುತ್ತು ಕಾಕ್ಲಿಯಾದ ದ್ರವದಲ್ಲಿ ಹರಡಿಹೋಗುವುದರಿಂದ ಅಕ್ಕಪಕ್ಕದ ಎಲೆಕ್ಟ್ರೋಡುಗಳು ಒಂದೇ ತಂತುಗಳನ್ನು ತಟ್ಟುತ್ತವೆ. ಒಂದೆಡೆ ತಂತುಗಳು ನಶಿಸಿದ್ದರೆ, ಅಲ್ಲಿನ ಎಲೆಕ್ಟ್ರೋಡಿಗೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಆಗ ದೂರದ ತಂತುಗಳೂ ಪ್ರಚೋದನೆಗೊಂಡು ಆವೃತ್ತಿಯ ಚಿತ್ರ ಇನ್ನಷ್ಟು ಮಸುಕಾಗುತ್ತದೆ.

ಹಾಗಾದರೆ ಉಳಿದ ನರಕೋಶಗಳ ಸಂಖ್ಯೆಯೇ ಗ್ರಹಿಕೆಯನ್ನು ನಿರ್ಧರಿಸುತ್ತದೆಯೇ? ಮರಣಾನಂತರ ಬಳಕೆದಾರರ ಕಿವಿಯೆಲುಬುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾನ್ ಮತ್ತು ಸಂಗಡಿಗರಿಗೆ ಅಂಥ ಸಂಬಂಧ ಕಾಣಲಿಲ್ಲ. ಆದರೆ 2014ರಲ್ಲಿ ಸಯ್ಯದಿ, ವಿಯಾನಾ ಮತ್ತು ನಾಡೊಲ್ ಅವರು ಎರಡೂ ಕಿವಿಗಳಲ್ಲಿ ಇಂಪ್ಲಾಂಟು ಇದ್ದವರನ್ನು ತೆಗೆದುಕೊಂಡು, ಒಬ್ಬರದೇ ಎರಡು ಕಿವಿಗಳನ್ನು ಹೋಲಿಸಿದಾಗ ಸಂಬಂಧ ಸ್ಪಷ್ಟವಾಯಿತು. ಭಾಷಾನುಭವ, ಸ್ಮೃತಿ, ವಯಸ್ಸು ಎರಡೂ ಕಿವಿಗಳಿಗೆ ಸಮಾನವಾದಾಗ ಮಾತ್ರ ನರದ ಪಾತ್ರ ಗೋಚರಿಸಿತೆಂಬುದು ಇಲ್ಲಿ ಗಮನಾರ್ಹ.

ಸಂಖ್ಯೆಯಷ್ಟೇ ಅಲ್ಲ, ಕಾಲನಿಷ್ಠೆಯೂ ಮುಖ್ಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಅಜಿತ್ ಕುಮಾರ್ ಮತ್ತು ಜಯರಾಂ ಅವರು 2006ರಲ್ಲಿ ಪ್ರಕಟಿಸಿದಂತೆ, ಸಂವೇದನ-ನರಸಂಬಂಧಿ ಶ್ರವಣದೋಷವಿದ್ದವರಲ್ಲಿ 183ಕ್ಕೆ ಒಬ್ಬರಲ್ಲಿ ಶ್ರವಣ ನ್ಯೂರೋಪಥಿ ಇತ್ತು. ಈ ಸ್ಥಿತಿಯಲ್ಲಿ ಹೊರ ರೋಮಕೋಶಗಳು ಕೆಲಸಮಾಡುತ್ತಿದ್ದರೂ ನರದ ಸ್ಪಂದನ ಏಕಕಾಲಿಕವಾಗಿರುವುದಿಲ್ಲ. ಆಡಿಯೋಗ್ರಾಮಿನಿಂದ ನಿರೀಕ್ಷಿಸುವುದಕ್ಕಿಂತ ಮಾತಿನ ಗ್ರಹಿಕೆ ಬಹಳ ಕೆಳಗಿರುತ್ತದೆ. ಶಬ್ದ ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ.

ಈಗ ಕನ್ನಡಕ್ಕೆ ಬರೋಣ. ಉತ್ತರ ಬೆಂಗಳೂರಿನ ಊರ ಹೆಸರುಗಳೇ ನಮಗೆ ಸಾಕಷ್ಟು ಸಾಮಗ್ರಿ ಒದಗಿಸುತ್ತವೆ. ‘ಜಾಲಹಳ್ಳಿ’ಯಲ್ಲಿ ದೀರ್ಘಸ್ವರ, ಲಕಾರ, ದ್ವಿತ್ವದ ಳಕಾರ ಒಟ್ಟಿಗೆ ಇವೆ, ‘ಹೆಬ್ಬಾಳ’ದಲ್ಲಿ ದ್ವಿತ್ವ, ದೀರ್ಘಸ್ವರ ಮತ್ತು ಮೂರ್ಧನ್ಯ, ‘ವಿದ್ಯಾರಣ್ಯಪುರ’ದಲ್ಲಿ ದೀರ್ಘ ಆಕಾರ, ಮೂರ್ಧನ್ಯ ಣಕಾರ ಮತ್ತು ಅಘೋಷ ಪಕಾರ. ಇವುಗಳ ಸೂಚಕಗಳು ಒಂದೇ ಜಾತಿಯವಲ್ಲ. ‘ಬಳೆ–ಬಾಳೆ’, ‘ಹಳಿ–ಹಳ್ಳಿ’, ‘ಕತೆ–ಕತ್ತೆ’ ಯುಗ್ಮಗಳಲ್ಲಿ ಅರ್ಥವನ್ನು ಬೇರ್ಪಡಿಸುವುದು ಮುಖ್ಯವಾಗಿ ಕಾಲಾವಧಿ. ‘ಹಲ್ಲಿ–ಹಳ್ಳಿ’, ‘ಅನ್ನ–ಅಣ್ಣ’, ‘ಕತ್ತೆ–ಕಟ್ಟೆ’ ಯುಗ್ಮಗಳಲ್ಲಾದರೋ ಅವಧಿ ಹೆಚ್ಚು ಬದಲಾಗದೆ ಉಚ್ಚಾರಣಾಸ್ಥಾನ ಬದಲಾಗುತ್ತದೆ. ಮೂರ್ಧನ್ಯಕ್ಕೆ ಮುನ್ನ ಮೂರನೆಯ ಫಾರ್ಮೆಂಟು ಇಳಿದು ಎರಡನೆಯದರತ್ತ ಸರಿಯುವುದೇ ಮುಖ್ಯ ಕುರುಹು.

ಶಾನನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ನಿಶ್ಶಬ್ದದಲ್ಲಿ ಮಾತನ್ನು ಗುರುತಿಸಲು ಕೇವಲ ನಾಲ್ಕು ಆವೃತ್ತಿಪಟ್ಟಿಗಳು ಬಹುಮಟ್ಟಿಗೆ ಸಾಕಾದವು. ಆದರೆ ಅದು ಇಂಗ್ಲಿಷಿನ ಪ್ರಯೋಗ. ದಂತ್ಯ–ಮೂರ್ಧನ್ಯ ಭೇದವೇ ಇಲ್ಲದ ಭಾಷೆಯ ಈ ಫಲಿತವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. ಎರಡನೆಯ ಮತ್ತು ಮೂರನೆಯ ಫಾರ್ಮೆಂಟುಗಳನ್ನು ಒಯ್ಯುವ ಭಾಗದಲ್ಲಿ ತಂತುಗಳು ವಿರಳವಾಗಿದ್ದರೆ ‘ಬಾಳೆ’ಯನ್ನು ಸರಿಯಾಗಿ ಗುರುತಿಸುವ ಮಗುವೇ ‘ಅಣ್ಣ’ನನ್ನು ‘ಅನ್ನ’ವೆಂದು ಕೇಳಬಹುದೆಂಬುದು ನಮ್ಮ ನಿರೀಕ್ಷೆ. ಇದಕ್ಕೆ ವಿರುದ್ಧವಾಗಿ, ಪ್ರಚೋದನೆಯ ನಂತರ ನರವು ಚೇತರಿಸಿಕೊಳ್ಳಲು ತಡವಾದರೆ, ದ್ವಿತ್ವದ ಮೌನಾವಧಿಯ ಅಂಚುಗಳೇ ಮಸುಕಾಗಿ ‘ಕತೆ–ಕತ್ತೆ’ ಭೇದಕ್ಕೂ ಧಕ್ಕೆ ಬರಬಹುದು.

ನರದ ಸ್ಪಂದನವನ್ನು ಅಳೆಯುವ ಸಾಧನ ಇಂಪ್ಲಾಂಟಿನೊಳಗೇ ಇದೆ. ಒಂದು ಎಲೆಕ್ಟ್ರೋಡು ಪ್ರಚೋದಿಸಿದಾಗ ಮತ್ತೊಂದು ನರದ ಸಂಯುಕ್ತ ಕ್ರಿಯಾವಿಭವವನ್ನು ದಾಖಲಿಸುತ್ತದೆ. ವಿದ್ಯುತ್ ಸ್ಪಂದದ ಎರಡು ಹಂತಗಳ ನಡುವಣ ವಿರಾಮವನ್ನು ಹಿಗ್ಗಿಸಿದಾಗ ಈ ವಿಭವ ಎಷ್ಟು ಬದಲಾಗುತ್ತದೆಂಬುದು ಗಿನಿಯಿಲಿಗಳಲ್ಲಿ ಉಳಿದ ನರಕೋಶಗಳ ಪ್ರಮಾಣದೊಡನೆ ಹೊಂದಿಕೊಂಡಿದೆ. ಎಲೆಕ್ಟ್ರೋಡಿನಿಂದ ಎಲೆಕ್ಟ್ರೋಡಿಗೆ ದೊರೆಯುವ ಇಂಥ ಮಾಹಿತಿಗೆ ಸಾಟಿಯಾಗುವಂತೆ ಧ್ವನಿಭೇದದಿಂದ ಧ್ವನಿಭೇದಕ್ಕೆ ಅಂಕ ನೀಡುವ ಪರೀಕ್ಷೆಯನ್ನು ರೂಪಿಸುವುದು ಭಾಷಾವಿಜ್ಞಾನಿಗಳ ಹೊಣೆ.

ಅಂಥ ಪರೀಕ್ಷೆಗೆ ಮೂರು ನಿಯಮಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಅವಧಿ, ಸ್ಥಾನ ಮತ್ತು ಘೋಷತೆಯ ಯುಗ್ಮಗಳನ್ನು ಪ್ರತ್ಯೇಕವಾಗಿ ಎಣಿಸಬೇಕು. ಎರಡನೆಯದು, ಪದಗಳನ್ನು ವಾಕ್ಯಸಂದರ್ಭದಿಂದ ಬಿಡಿಸಿ ಕೇಳಿಸಬೇಕು. ‘ಅಣ್ಣ ಬಂದ’ ಎಂಬಲ್ಲಿ ಕ್ರಿಯಾಪದವೇ ಕೊರತೆಯನ್ನು ತುಂಬಿಬಿಡುತ್ತದೆ, ಹೀಗಾಗಿ ಮನೆಯಲ್ಲಿ ಕಾಣದ ದೋಷ ಶಾಲೆಯ ಉಕ್ತಲೇಖನದಲ್ಲಿ ಹೊರಬೀಳಬಹುದು. ಮೂರನೆಯದು, ಮಗು ಕೇಳುತ್ತಿರುವ ಮನೆಮಾತನ್ನು ಮೊದಲು ದಾಖಲಿಸಬೇಕು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರೆಯಲ್ಲಿ ಬೆಳೆದ ವಿದ್ಯಾರಣ್ಯಪುರದಂಥ ಬಡಾವಣೆಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಮಾತನಾಡುವ ಮನೆಗಳು ಒಂದೇ ಬೀದಿಯಲ್ಲಿರುತ್ತವೆ. ಶಿಷ್ಟ ಹಿಂದಿಯಲ್ಲಿ ಳಕಾರವಿಲ್ಲ. ಪೋಷಕರ ನುಡಿಯಲ್ಲೇ ‘ಹಲ್ಲಿ–ಹಳ್ಳಿ’ ಭೇದವಿಲ್ಲದಿದ್ದರೆ ಮಗುವಿನ ತಪ್ಪನ್ನು ನರದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಈ ವಿವೇಚನೆಯ ಫಲ ಪ್ರಾಯೋಗಿಕವಾದುದು. ದೋಷ ಸ್ಥಾನಭೇದಗಳಿಗೆ ಸೀಮಿತವೆಂದು ತಿಳಿದರೆ ಆಡಿಯಾಲಜಿಸ್ಟರು ಸಂಬಂಧಿತ ಎಲೆಕ್ಟ್ರೋಡುಗಳ ಹೊಂದಾಣಿಕೆಯನ್ನು ಮರುಪರಿಶೀಲಿಸಬಹುದು, ವಾಕ್‌ಚಿಕಿತ್ಸಕರು ಆ ಯುಗ್ಮಗಳಿಗೇ ತರಬೇತಿಯನ್ನು ಗುರಿಯಿಡಬಹುದು. ಅಷ್ಟೇ ಮುಖ್ಯವಾಗಿ, ನರದ ಮಿತಿಯಿಂದಾದ ತೊಡಕನ್ನು ಮಗುವಿನ ಸೋಮಾರಿತನವೆಂದೋ ತಾಯಿಯ ಅಲಕ್ಷ್ಯವೆಂದೋ ಎಣಿಸುವ ಅಪಾಯ ತಪ್ಪುತ್ತದೆ.