ಬೂದು ಫರ್ಗ್ಯೂಸನ್‌ಗೆ ವಯಸ್ಸೆಷ್ಟು?

ಪ್ರಶ್ನೆ: ಹಳೆಯ ಫರ್ಗ್ಯೂಸನ್ ಟ್ರ್ಯಾಕ್ಟರ್ ಯಾವ ಮಾಡೆಲ್, ಯಾವ ವರ್ಷದ್ದು ಎಂದು ಪತ್ತೆಹಚ್ಚುವುದು ಹೇಗೆ?

ಬಣ್ಣವನ್ನೇ ನಂಬಿದವರು ಮೋಸಹೋಗುವುದು ಖಚಿತ. ಬಣ್ಣ ಯಾರು ಬೇಕಾದರೂ ಬಳಿಯಬಹುದು. ಮೊದಲು ಒರೆಸಿ ನೋಡಬೇಕಾದದ್ದು ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಲೋಹದ ಫಲಕ.

ಬೂದು ಫರ್ಗ್ಯೂಸನ್, ಅಂದರೆ ಟಿಇ-20 ಸರಣಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಫಲಕದಲ್ಲಿ ಬರೀ ‘ಟಿಇ’ ಎಂದಿದ್ದರೆ ಅಮೆರಿಕದ ಕಾಂಟಿನೆಂಟಲ್ ಎಂಜಿನ್ನಿನ ಆರಂಭದ ಗಾಡಿ, ‘ಟಿಇಎ’ ಎಂದರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್, ‘ಟಿಇಡಿ’ ಸೀಮೆಎಣ್ಣೆಯಂಥ ಇಂಧನದ್ದು, ‘ಟಿಇಎಫ್’ ಡೀಸೆಲಿನದು. ಡೀಸೆಲ್ ಮಾದರಿ ಬಂದದ್ದೇ 1951ರಲ್ಲಿ. ಹಾಗಾಗಿ ‘1948ರ ಡೀಸೆಲ್ ಫರ್ಗ್ಯೂಸನ್’ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಸುಮ್ಮನಾಗಬಹುದು.

ಅಕ್ಷರಗಳ ಜೊತೆಗಿರುವ ಸರಣಿ ಸಂಖ್ಯೆ ವರ್ಷ ಹೇಳುತ್ತದೆ. 1950ರ ಗಾಡಿಗಳು ಸುಮಾರು 1,16,500ರಿಂದ, 1955ರವು ಸುಮಾರು 4,28,000ದಿಂದ ಶುರು.

ಫಲಕವೇ ಕಳೆದಿದ್ದರೆ? ಎಂಜಿನ್ ಬ್ಲಾಕಿನ ಮೇಲಿನ ನಂಬರು ಸ್ವಲ್ಪ ನೆರವಾದೀತು, ಪೂರ್ತಿ ಅಲ್ಲ. ಎಪ್ಪತ್ತು ವರ್ಷಗಳಲ್ಲಿ ಎಷ್ಟೋ ಎಂಜಿನ್‌ಗಳು ಅದಲುಬದಲಾಗಿವೆ. ಆಗ ಗಾಡಿಯ ಲಕ್ಷಣಗಳನ್ನು ನೋಡಿ: ಗೇರ್ ಲಿವರನ್ನೇ ‘ಎಸ್’ ಗುರುತಿಗೆ ತಳ್ಳಿ ಸ್ಟಾರ್ಟ್ ಮಾಡುವುದು ಟಿಇ-20ರ ಲಕ್ಷಣ. ಅದರ ಜಾಗಕ್ಕೆ 1956ರಲ್ಲಿ ಬಂದ ಎಫ್ಇ-35ಕ್ಕೆ ಮೂಲದಲ್ಲಿ ಬೂದು ಬಾನೆಟ್, ತಾಮ್ರವರ್ಣದ ಎಂಜಿನ್. ಕೆಂಪು ಬಾನೆಟ್ಟಿನ ಮ್ಯಾಸ್ಸಿ ಫರ್ಗ್ಯೂಸನ್ 35 ಅದರ ನಂತರದ್ದು.

ಹಳೆಯ ಗಾಡಿಯನ್ನು ಪೇಂಟ್ ಮಾಡಿಸುವ ಮುನ್ನ ಆ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ.