ಪಹಣಿಯಲ್ಲಿ ಇನ್ನೂ ತಾತನ ಹೆಸರು

ತಾಲ್ಲೂಕು ಕಚೇರಿ ಎದುರು ಕೂತು ಕ್ರಯಪತ್ರ, ವಿಭಾಗಪತ್ರ ಬರೆಯುವುದು ನನ್ನ ಕಸುಬು. ಬರುವವರು ಚೀಲದಿಂದ ಪಹಣಿ ತೆಗೆದರೆ ಅದರಲ್ಲಿ ಎಂದೋ ತೀರಿಹೋದ ತಾತನ ಹೆಸರೇ ಇರುತ್ತದೆ. ಪೌತಿ ಖಾತೆ ಆಗಿಲ್ಲವೆಂದು ನೆನಪಾಗುವುದು ಬೆಳೆಸಾಲ ಕೇಳಲು ಹೋದಾಗ. ಮರಣ ಪ್ರಮಾಣಪತ್ರ, ವಂಶವೃಕ್ಷ ತನ್ನಿ ಎನ್ನುತ್ತೇನೆ. ವಂಶವೃಕ್ಷ ಎಂದೊಡನೆ ತಕರಾರು: “ಅಕ್ಕನ ಹೆಸರು ಯಾಕೆ ಸ್ವಾಮಿ? ಮದುವೆ ಮಾಡಿ ಕೊಟ್ಟಾಯ್ತಲ್ಲ!”

ಅಲ್ಲಿಗೆ ನಾನು ಪೆನ್ನು ಕೆಳಗಿಡುತ್ತೇನೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ಅಕ್ಕ ಮನಸಾರೆ ಬಿಟ್ಟುಕೊಟ್ಟರೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಗೌರಿ ಹಬ್ಬಕ್ಕೆ ಕರೆದು, ಬಾಗಿನ ಕೊಟ್ಟು, ಓದಲು ಬಿಡದೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ.

ಸ್ವಯಾರ್ಜಿತಕ್ಕೆ ವಿಲ್ ಬರೆದಿಡಬಹುದು. ಛಾಪಾ ಕಾಗದ ಬೇಡ, ನೋಂದಣಿ ಒಳ್ಳೆಯದಾದರೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ನಾಳೆ ಕೋರ್ಟಿಗೆ ಬರಬೇಕಾದವರು ಅವರು. ಬ್ಯಾಂಕಿನ ನಾಮಿನಿ ಹಣ ಪಡೆಯುವವನಷ್ಟೇ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ.

ಪೌತಿ ಖಾತೆ ಬಾಕಿಯಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಅಕ್ಕತಂಗಿಯರ ಹೆಸರು ಬಿಡಬೇಡಿ.