ದಾರಿಯ ಭಯವೂ ಠಾಣೆಯ ಎಲ್ಲೆಯೂ

ಕಕ್ಕಿಂಜೆಯನ್ನು ದಾಟಿ ಚಾರ್ಮಾಡಿ ಘಟ್ಟವನ್ನೇರುವ ಪ್ರಯಾಣಿಕನು ಕೊಟ್ಟಿಗೆಹಾರವನ್ನು ಸೇರುವಷ್ಟರಲ್ಲಿ ದಕ್ಷಿಣ ಕನ್ನಡವನ್ನು ಬಿಟ್ಟು ಚಿಕ್ಕಮಗಳೂರು ಜಿಲ್ಲೆಯನ್ನು ಹೊಕ್ಕಿರುತ್ತಾನೆ. ಎಲ್ಲೆ ಎಲ್ಲಿ ಬದಲಾಯಿತೆಂಬುದು ಇರುಳಿನಲ್ಲಿ ತಿಳಿಯದು. ಅಂಥ ನಿರ್ಜನವಾದ ತಿರುವಿನಲ್ಲಿ ಸುಲಿಗೆಗೆ ಒಳಗಾದವನು ಯಾವ ಠಾಣೆಯಲ್ಲಿ ಮೊರೆಯಿಡಬೇಕು?

ಯಾವುದಾದರೂ ಸರಿಯೆಂದು ಕಾನೂನು ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಮೇರೆಗೆ, ಸುಲಿಗೆಯಂಥ ಅಪರಾಧವು ಎಲ್ಲಿಯೇ ನಡೆದಿರಲಿ, ಸಮೀಪದ ಠಾಣೆಯಲ್ಲಿಯೇ ದೂರು ಕೊಡಬಹುದು. ದಾಖಲಾದ ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ತುರ್ತು ನೆರವಿಗೆ 112 ಎಂಬ ಸಂಖ್ಯೆಯಿದೆ.

ಆದರೆ ಘಟ್ಟದಲ್ಲಿ ದೂರವಾಣಿಯು ಮೂಕವಾಗಬಹುದು. ಆದುದರಿಂದ ಹೊರಡುವ ಮುನ್ನವೇ ದಾರಿಯನ್ನೂ ತಲಪುವ ಹೊತ್ತನ್ನೂ ಮನೆಯವರಿಗೆ ತಿಳಿಸಿರುವುದು ವಿವೇಕ. ಆಯುಧ ಹಿಡಿದವನೊಡನೆ ಸೆಣಸುವುದು ಬೇಡ. ಅವನ ಚಹರೆಯನ್ನೂ ವಾಹನದ ಸಂಖ್ಯೆಯನ್ನೂ ನೆನಪಿನಲ್ಲಿಡುವುದು ಲೇಸು. ಹೋದ ಒಡವೆಯನ್ನು ಮತ್ತೆ ಗಳಿಸಬಹುದು, ಪ್ರಾಣವನ್ನಲ್ಲ.